ತುರಾಮರ ಎರಡನೆಯ ಆಟ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನಿಗೆ ಜಯಘೋಷ ಸಲ್ಲುತ್ತದೆ. ಎದುರಾಳಿಯ ಗೋಲನ್ನು ತಡೆದವನ ಹೆಸರು ಸಂಜೆಯೊಳಗೆ ಮರೆತುಹೋಗುತ್ತದೆ. ಫ್ರಾನ್ಸಿನ ಲಿಲಿಯಾನ್ ತುರಾಮರು ಈ ತಡೆಯುವ ಕೆಲಸವನ್ನೇ ವೃತ್ತಿಯಾಗಿ ನಡೆಸಿದವರು. ಮೊನಾಕೊ, ಪಾರ್ಮಾ, ಯುವೆಂಟಸ್, ಬಾರ್ಸಿಲೋನಾ ಸಂಘಗಳಲ್ಲಿ ಆಡಿದ ಅವರು ಸ್ವದೇಶದ ಪರವಾಗಿ 142 ಪಂದ್ಯಗಳನ್ನಾಡಿದರು. ಅಲ್ಲಿನ ಪುರುಷರ ತಂಡದಲ್ಲಿ ಈ ಸಂಖ್ಯೆಯನ್ನು 2022ರವರೆಗೆ ಯಾರೂ ಮೀರಲಿಲ್ಲ.

ಅಷ್ಟು ಪಂದ್ಯಗಳಲ್ಲಿ ಅವರು ಹೊಡೆದ ಗೋಲುಗಳು ಎರಡೇ. ಎರಡೂ ಒಂದೇ ದಿನ. 1998ರ ಜುಲೈ 8ರಂದು, ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ, ಅವರು ಮುಂದೆ ಸರಿಯಲು ತಡಮಾಡಿದ್ದರಿಂದ ಕ್ರೊಯೇಷಿಯದ ಷೂಕರರಿಗೆ ಗೋಲು ಲಭಿಸಿತು. ತಪ್ಪು ತಮ್ಮದೆಂದು ಕುಗ್ಗದೆ ತುರಾಮರು ಮರುನಿಮಿಷವೇ ಸಮಮಾಡಿದರು. ಇನ್ನೊಂದನ್ನೂ ಹೊಡೆದು ಗೆಲ್ಲಿಸಿದರು. ನಾಲ್ಕು ದಿನಗಳ ತರುವಾಯ ಫ್ರಾನ್ಸು ಬ್ರೆಜಿಲನ್ನು ಸೋಲಿಸಿ ಜಗಜ್ಜೇತೃವಾಯಿತು.

ಆದರೆ ಆ ಜಯಘೋಷದ ಕೆಳಗೆ ಹಳೆಯದೊಂದು ನೋವು ಇದ್ದಿತು. ತುರಾಮರು ಗ್ವಾಡೆಲೂಪ್ ದ್ವೀಪದಲ್ಲಿ 1972ರಲ್ಲಿ ಜನಿಸಿದವರು. ಒಂಬತ್ತನೆಯ ವಯಸ್ಸಿನಲ್ಲಿ ಪ್ಯಾರಿಸಿನ ಸೀಮೆಗೆ ಬಂದಾಗ ಸಹಪಾಠಿಗಳು ಮಕ್ಕಳ ಚಿತ್ರಕಥೆಯ ಪೆದ್ದ ಕರಿ ಹಸುವಿನ ಹೆಸರಿಟ್ಟು ಕರೆದರೆಂದು ಅವರೇ ಹೇಳಿದ್ದಾರೆ. ಹೀಗೇಕೆ ಎಂಬ ಆ ಬಾಲಕನ ಪ್ರಶ್ನೆಗೆ ಯಾರೂ ಸಮರ್ಪಕ ಉತ್ತರ ಕೊಡಲಿಲ್ಲ.

2008ರಲ್ಲಿ ಹೃದಯದ ದೋಷವೊಂದು ಪತ್ತೆಯಾಗಿ ಆಟ ನಿಂತಿತು. ಅದೇ ವರ್ಷ ಅವರು ವರ್ಣದ್ವೇಷದ ವಿರುದ್ಧ ಶಿಕ್ಷಣ ನೀಡುವ ಸಂಸ್ಥೆಯನ್ನು ಸ್ಥಾಪಿಸಿ, ಶಾಲೆಯಿಂದ ಶಾಲೆಗೆ ತಿರುಗತೊಡಗಿದರು. ದ್ವೇಷವು ಹುಟ್ಟಿನಿಂದ ಬಂದುದಲ್ಲ, ಕಲಿಸಿದ್ದು. ಆದುದರಿಂದ ಅದನ್ನು ಬಿಡಿಸಲೂಬಹುದು ಎಂಬುದೇ ಅವರ ಬೋಧನೆ. 2011ರಲ್ಲಿ ಪ್ಯಾರಿಸಿನ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದಲ್ಲಿ, ವಸಾಹತುಗಳ ಜನರನ್ನು ಮೃಗಗಳಂತೆ ಪ್ರದರ್ಶಿಸಿದ ಚರಿತ್ರೆಯನ್ನು ಜನರ ಮುಂದಿರಿಸಿದರು. 1931ರಲ್ಲಿ ಹಾಗೆ ಪ್ರದರ್ಶಿತರಾದ ಕನಕ್ ಜನರಲ್ಲಿ, 1998ರ ತಂಡದ ಕಾರಂಬೂ ಅವರ ಮುತ್ತಜ್ಜನೂ ಇದ್ದರು! ಮುತ್ತಜ್ಜನನ್ನು ಬೇಲಿಯೊಳಗಿಟ್ಟು ನೋಡಿದ ನಗರವೇ ಮರಿಮಗನಿಗೆ ಜಯಕಾರ ಹಾಕಿತು.

ತುರಾಮರ ನುಡಿಗಳೆಲ್ಲ ಸರ್ವಸಮ್ಮತವಲ್ಲ. 2019ರಲ್ಲಿ ಬಿಳಿಯರ ಶ್ರೇಷ್ಠತಾಭಾವವನ್ನು ಕುರಿತು ಆಡಿದ ಮಾತಿಗೆ ಕಟುವಾದ ಆಕ್ಷೇಪ ಬಂದಿತು. ಆದರೂ ಅವರ ಮೂಲಪ್ರಶ್ನೆ ನಮ್ಮನ್ನೂ ಬಿಡದು. ಮೈಬಣ್ಣವನ್ನು ಹಿಡಿದು ಅಡ್ಡಹೆಸರಿಡುವ ಚಾಳಿ ನಮ್ಮ ಪಾಠಶಾಲೆಗಳಲ್ಲಿಲ್ಲವೆ? ವರಾನ್ವೇಷಣೆಯಲ್ಲಿ ಬಣ್ಣವನ್ನೇ ಮೊದಲು ಕೇಳುವವರು ನಾವಲ್ಲವೆ? ಗೆದ್ದ ದಿನ ಆಟಗಾರನನ್ನು ಹೆಗಲ ಮೇಲೆ ಹೊರುವುದು ಸುಲಭ. ಒಂಬತ್ತು ವರ್ಷದ ಬಾಲಕನ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಆ ಕಷ್ಟವನ್ನು ವಹಿಸಿಕೊಂಡುದರಿಂದಲೇ ತುರಾಮರ ಎರಡನೆಯ ಆಟ ಮೊದಲನೆಯದಕ್ಕಿಂತ ದೊಡ್ಡದೆಂದು ನಾವು ಭಾವಿಸುತ್ತೇವೆ.