ಮಕ್ಕಳೊಂದಿಗೆ ದೂರದ ವಿಮಾನಯಾನ

ಮಕ್ಕಳೊಂದಿಗೆ ದೂರದ ವಿಮಾನಯಾನ ಎಂದರೆ ಶಿಶುಗಳನ್ನು ಅಥವಾ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಸುಮಾರು ಆರು ಗಂಟೆಗಿಂತ ಹೆಚ್ಚು ಅವಧಿಯ ಹಾರಾಟದಲ್ಲಿ ಕೈಗೊಳ್ಳುವ ಪ್ರಯಾಣ. ಇದರ ಒಟ್ಟು ವೆಚ್ಚವನ್ನು ಟಿಕೆಟ್ ದರವೊಂದೇ ನಿರ್ಧರಿಸುವುದಿಲ್ಲ. ಮಗುವಿನ ವಯಸ್ಸು, ಆಸನದ ದರ್ಜೆ, ಪ್ರಯಾಣದ ತಿಂಗಳು, ಸಂಪರ್ಕ ವಿಮಾನದ ವ್ಯವಸ್ಥೆ ಹಾಗೂ ಮನೆಯಿಂದ ನಿಲ್ದಾಣದವರೆಗಿನ ರಸ್ತೆ ಪ್ರಯಾಣ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ವಿಮಾನ ನಿಲ್ದಾಣವಾಗಲಿ ರೈಲು ಮಾರ್ಗವಾಗಲಿ ಇಲ್ಲದ ಕೊಡಗು ಜಿಲ್ಲೆಯ ಸುಂಟಿಕೊಪ್ಪದಂತಹ ಊರುಗಳಿಂದ ಹೊರಡುವ ಕುಟುಂಬಗಳಿಗೆ ಕೊನೆಯ ಅಂಶವು ವಿಶೇಷವಾಗಿ ಮುಖ್ಯವಾದುದು.

ದರ ನಿಗದಿಯ ಕ್ರಮ

ಅಮೆರಿಕ ಸಂಯುಕ್ತ ಸಂಸ್ಥಾನವು 1978ರಲ್ಲಿ ವಿಮಾನಯಾನ ದರಗಳ ಮೇಲಿನ ಸರ್ಕಾರಿ ನಿಯಂತ್ರಣವನ್ನು ತೆಗೆದುಹಾಕುವ ಕಾಯಿದೆಯನ್ನು ಜಾರಿಗೆ ತಂದಿತು. ಭಾರತದಲ್ಲಿ ಏರ್ ಕಾರ್ಪೊರೇಷನ್ಸ್ ಕಾಯಿದೆಯು 1994ರಲ್ಲಿ ರದ್ದಾಗಿ ಖಾಸಗಿ ಸಂಸ್ಥೆಗಳಿಗೆ ದಾರಿಯಾಯಿತು. ಪೈಪೋಟಿ ಹೆಚ್ಚಿದಂತೆ ಒಂದೇ ವಿಮಾನದ ಒಂದೇ ಬಗೆಯ ಆಸನಗಳನ್ನು ಹಲವು ದರಗಳಲ್ಲಿ ಮಾರುವ ಪದ್ಧತಿ ಬೆಳೆಯಿತು. ಪ್ರತಿ ದರ್ಜೆಯ ಆಸನಗಳನ್ನು ಅಕ್ಷರಗಳಿಂದ ಗುರುತಿಸುವ ಹಲವು ದರ ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಕಡಿಮೆ ದರದ ಗುಂಪು ಮುಗಿದ ಬಳಿಕ ಮುಂದಿನ ಗುಂಪು ಮಾರಾಟಕ್ಕೆ ಬರುತ್ತದೆ.

ಈ ಕ್ರಮವು ಕುಟುಂಬಗಳನ್ನು ನೇರವಾಗಿ ತಟ್ಟುತ್ತದೆ. ಕಡಿಮೆ ದರದಲ್ಲಿ ಎರಡೇ ಆಸನಗಳು ಉಳಿದಿರುವಾಗ ನಾಲ್ವರಿಗೆ ಒಟ್ಟಿಗೆ ಹುಡುಕಿದರೆ, ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ಗುಂಪಿನ ದರವೇ ಕಾಣಿಸುತ್ತದೆ. ಮೊದಲು ಒಬ್ಬರಿಗೆ, ಬಳಿಕ ಇಡೀ ಕುಟುಂಬಕ್ಕೆ ಹುಡುಕಿ ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಆದರೆ ಟಿಕೆಟ್‌ಗಳನ್ನು ಎರಡು ಕಾಯ್ದಿರಿಸುವಿಕೆಗಳಾಗಿ ಒಡೆದು ಹಣ ಉಳಿಸುವುದರಲ್ಲಿ ಅಪಾಯವೂ ಉಂಟು. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಆಸನ ನೀಡಬೇಕೆಂದು ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲಿ ಸೂಚಿಸಿತು. ಈ ಸೂಚನೆ ಒಂದೇ ಪಿ.ಎನ್.ಆರ್. ಸಂಖ್ಯೆಯಡಿ ಪ್ರಯಾಣಿಸುವವರಿಗೆ ಅನ್ವಯಿಸುತ್ತದೆ. ವಿಮಾನ ರದ್ದಾದಾಗಲೂ ಎರಡು ಕಾಯ್ದಿರಿಸುವಿಕೆಗಳಲ್ಲಿರುವ ಒಂದೇ ಕುಟುಂಬದವರು ಬೇರೆ ಬೇರೆ ವಿಮಾನಗಳಿಗೆ ಹಂಚಿಹೋಗುವ ಸಾಧ್ಯತೆ ಇದೆ. ಆದ್ದರಿಂದ ಒಡೆಯಲೇಬೇಕಾದಾಗ ಪ್ರತಿ ಮಗುವೂ ಒಬ್ಬ ಪೋಷಕರ ಕಾಯ್ದಿರಿಸುವಿಕೆಯಲ್ಲೇ ಇರುವಂತೆ ನೋಡಿಕೊಳ್ಳುವುದು ಅಗತ್ಯ.

ವಯಸ್ಸು ಮತ್ತು ದರ

ಅಂತಾರಾಷ್ಟ್ರೀಯ ಹಾರಾಟಗಳಲ್ಲಿ ಎರಡು ವರ್ಷ ತುಂಬದ ಮಗುವನ್ನು ಶಿಶುವೆಂದು ಪರಿಗಣಿಸಲಾಗುತ್ತದೆ. ಪ್ರತ್ಯೇಕ ಆಸನವಿಲ್ಲದೆ ವಯಸ್ಕರ ಮಡಿಲಲ್ಲಿ ಕುಳಿತು ಪ್ರಯಾಣಿಸುವ ಶಿಶುವಿಗೆ ಸಾಮಾನ್ಯವಾಗಿ ವಯಸ್ಕರ ದರದ ಶೇ. 10ರಷ್ಟು ದರ ಹಾಗೂ ಅನ್ವಯಿಸುವ ತೆರಿಗೆಗಳನ್ನು ವಿಧಿಸಲಾಗುತ್ತದೆ. ಒಬ್ಬ ವಯಸ್ಕರು ಮಡಿಲಲ್ಲಿ ಒಂದು ಶಿಶುವನ್ನಷ್ಟೇ ಕೂರಿಸಿಕೊಳ್ಳಬಹುದು. ಎರಡರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಪ್ರತ್ಯೇಕ ಆಸನ ಕಡ್ಡಾಯ. ಅವರಿಗೆ ವಯಸ್ಕರ ದರದ ಶೇ. 75ರ ಆಸುಪಾಸಿನ ದರ ವಿಧಿಸುವುದು ಹಳೆಯ ರೂಢಿಯಾದರೂ, ಅತ್ಯಂತ ಅಗ್ಗದ ಟಿಕೆಟ್‌ಗಳಲ್ಲಿ ಈ ರಿಯಾಯಿತಿ ದೊರೆಯದಿರುವುದು ಉಂಟು.

ವಯಸ್ಸನ್ನು ಟಿಕೆಟ್ ಕೊಂಡ ದಿನಕ್ಕಲ್ಲ, ಪ್ರಯಾಣದ ದಿನಕ್ಕೆ ಲೆಕ್ಕ ಹಾಕಲಾಗುತ್ತದೆ. ಹೋಗುವಾಗ ಶಿಶುವಾಗಿದ್ದ ಮಗುವಿಗೆ ಮರಳುವ ಮುನ್ನ ಎರಡು ವರ್ಷ ತುಂಬಿದರೆ ಮರುಪ್ರಯಾಣಕ್ಕೆ ಪ್ರತ್ಯೇಕ ಆಸನ ಕೊಳ್ಳಬೇಕಾಗುತ್ತದೆ. ಅಜ್ಜಿಮನೆಗೆ ಬಂದು ಎರಡು ಮೂರು ತಿಂಗಳು ಉಳಿಯುವ ಕುಟುಂಬಗಳು ದಿನಾಂಕ ಗೊತ್ತುಮಾಡುವ ಮೊದಲೇ ಇದನ್ನು ಗಮನಿಸಬೇಕು.

ಬಿಸಿನೆಸ್ ದರ್ಜೆ

ಪೂರ್ಣ ದರ ತೆತ್ತು ಪ್ರಯಾಣಿಸುವ ಉದ್ಯಮಿಗಳಿಗಾಗಿ 1970ರ ದಶಕದ ಕೊನೆಯ ವೇಳೆಗೆ ಬಿಸಿನೆಸ್ ದರ್ಜೆ ರೂಪುಗೊಂಡಿತು. ಬ್ರಿಟಿಷ್ ಏರ್‌ವೇಸ್ 2000ದಲ್ಲಿ ಈ ದರ್ಜೆಯಲ್ಲಿ ಸಂಪೂರ್ಣ ಮಟ್ಟಸವಾಗುವ ಹಾಸಿಗೆ ಆಸನಗಳನ್ನು ಅಳವಡಿಸಿತು. ಇಂದು ದೂರದ ಹಾರಾಟಗಳಲ್ಲಿ ಇಂತಹ ಆಸನ ಸಾಮಾನ್ಯ. ಮಕ್ಕಳಿರುವ ಕುಟುಂಬಕ್ಕೆ ಇದರ ಮುಖ್ಯ ಪ್ರಯೋಜನಗಳೆಂದರೆ ಮಲಗುವ ಸ್ಥಳ, ಹೆಚ್ಚಿನ ಸಾಮಾನಿನ ಮಿತಿ, ಸರದಿಯಿಲ್ಲದ ತಪಾಸಣೆ ಹಾಗೂ ಸಂಪರ್ಕ ನಿಲ್ದಾಣಗಳಲ್ಲಿ ವಿಶ್ರಾಂತಿ ಕೊಠಡಿ.

ಶಿಶುದರವು ವಯಸ್ಕರ ದರದ ಪ್ರಮಾಣದಲ್ಲಿರುವುದರಿಂದ ದರ್ಜೆ ಏರಿದಂತೆ ಅದೂ ಏರುತ್ತದೆ. ಉದಾಹರಣೆಗೆ, ಎಕಾನಮಿ ದರ 100 ಹಾಗೂ ಬಿಸಿನೆಸ್ ದರ 300 ಎಂದು ಊಹಿಸಿದರೆ, ಇಬ್ಬರು ವಯಸ್ಕರು, ಆರು ವರ್ಷದ ಒಂದು ಮಗು ಹಾಗೂ ಒಂದು ಶಿಶುವಿಗೆ ಎಕಾನಮಿಯಲ್ಲಿ 200+75+10, ಅಂದರೆ 285 ಆಗುತ್ತದೆ. ಬಿಸಿನೆಸ್ ದರ್ಜೆಯಲ್ಲಿ 600+225+30, ಅಂದರೆ 855 ಆಗುತ್ತದೆ. ಆಸನವೇ ಇಲ್ಲದ ಶಿಶುವಿಗಾಗಿ ತೆರುವ ಹಣವೂ ಮೂರು ಪಟ್ಟಾಗುತ್ತದೆ. ಭಾರತದಲ್ಲಿ ಸರಕು ಮತ್ತು ಸೇವಾ ತೆರಿಗೆಯೂ ಭಿನ್ನವಾಗಿದೆ. 2017ರ ಜುಲೈ 1ರಿಂದ ಎಕಾನಮಿಗೆ ಶೇ. 5, ಬಿಸಿನೆಸ್ ದರ್ಜೆಗೆ ಶೇ. 12ರಷ್ಟಿದ್ದ ಈ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಎಕಾನಮಿಯ ಹೊರತಾದ ದರ್ಜೆಗಳಿಗೆ ಶೇ. 18ಕ್ಕೆ ಏರಿತು.

ಬಿಸಿನೆಸ್ ದರ್ಜೆಯು ಎಲ್ಲ ವಿಷಯದಲ್ಲೂ ಮಕ್ಕಳಿಗೆ ಅನುಕೂಲವೆಂದು ಹೇಳಲಾಗದು. ಪ್ರತಿ ಆಸನಕ್ಕೂ ಗೋಡೆಯಂತಹ ಮರೆಯಿರುವ ವಿನ್ಯಾಸಗಳಲ್ಲಿ ಪಕ್ಕದ ಮಗುವನ್ನು ತಲುಪುವುದು ಕಷ್ಟ. ಗಾಳಿಚೀಲವಿರುವ ಸೀಟುಪಟ್ಟಿಗೆ ಶಿಶುವಿನ ಪಟ್ಟಿಯನ್ನು ಜೋಡಿಸುವಂತಿಲ್ಲ. ಶಿಶುವಿನ ತೊಟ್ಟಿಲನ್ನು ಗೋಡೆಗೆ ಎದುರಾಗಿರುವ ಕೆಲವೇ ಆಸನಗಳ ಮುಂದೆ ಅಳವಡಿಸಬಹುದು. ಅದನ್ನು ಮೊದಲೇ ಕೇಳಿ ಕಾಯ್ದಿರಿಸಬೇಕು; ಮಗುವಿನ ತೂಕಕ್ಕೂ ಮಿತಿ ಇರುತ್ತದೆ. ಮಲೇಷ್ಯಾ ಏರ್‌ಲೈನ್ಸ್ 2011ರ ಸುಮಾರಿಗೆ ತನ್ನ ಬೋಯಿಂಗ್ 747 ವಿಮಾನಗಳ ಪ್ರಥಮ ದರ್ಜೆಯಲ್ಲಿ ಶಿಶುಗಳಿಗೆ ಅವಕಾಶ ನಿರಾಕರಿಸಿ ಚರ್ಚೆಗೆ ಗುರಿಯಾಯಿತು.

ಬಿಸಿನೆಸ್ ದರ್ಜೆಯನ್ನು ಕಡಿಮೆ ವೆಚ್ಚದಲ್ಲಿ ಪಡೆಯುವ ಮುಖ್ಯ ಮಾರ್ಗ ಸಂಗ್ರಹಿತ ಮೈಲಿಗಳು. ಏರ್ ಇಂಡಿಯಾ 2014ರ ಜುಲೈ 11ರಂದು ಸೇರಿದ ಸ್ಟಾರ್ ಅಲಯನ್ಸ್‌ನಂತಹ ಒಕ್ಕೂಟಗಳಲ್ಲಿ ಒಂದು ಸಂಸ್ಥೆಯ ಮೈಲಿಗಳನ್ನು ಮತ್ತೊಂದರ ಹಾರಾಟಕ್ಕೆ ಬಳಸಬಹುದು. ಮೈಲಿ ಟಿಕೆಟ್‌ನಲ್ಲಿ ಶಿಶುವಿನ ಶುಲ್ಕ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಕೆಲವೆಡೆ ಅದು ಮೈಲಿಗಳ ಶೇ. 10 ಆಗಿದ್ದರೆ, ಕೆಲವೆಡೆ ನಗದು ದರದ ಶೇ. 10. ಎರಡನೆಯ ಕ್ರಮದಲ್ಲಿ ಮೈಲಿಗಳಿಂದ ಉಳಿಸಿದ ಹಣದ ಒಂದು ಪಾಲು ಶಿಶುವಿನ ಟಿಕೆಟ್‌ಗೇ ಹೋಗಬಹುದು.

ಕೊಡಗಿನಿಂದ ಪ್ರಯಾಣ

ಸುಂಟಿಕೊಪ್ಪವು ಮಡಿಕೇರಿ ಹಾಗೂ ಕುಶಾಲನಗರಗಳ ನಡುವೆ ರಾಷ್ಟ್ರೀಯ ಹೆದ್ದಾರಿ 275ರ ಮೇಲಿದೆ. ಇಲ್ಲಿಂದ ವಿದೇಶಕ್ಕೆ ಹೊರಡುವವರಿಗೆ ಮೂರು ದಾರಿಗಳಿವೆ.

* ಬೆಂಗಳೂರು: ದೇವನಹಳ್ಳಿ ಬಳಿ 2008ರ ಮೇ 24ರಂದು ಆರಂಭವಾದ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ಸುಂಟಿಕೊಪ್ಪದಿಂದ 250 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಯುರೋಪ್ ಹಾಗೂ ಅಮೆರಿಕ ಪ್ರಯಾಣಕ್ಕೆ ಮೂರರಲ್ಲಿ ಹೆಚ್ಚು ಆಯ್ಕೆಗಳಿರುವುದು ಇಲ್ಲಿಯೇ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಚಾಲಕರ ತಂಡವು ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು 14,000 ಕಿ.ಮೀ. ದೂರವನ್ನು ಉತ್ತರ ಧ್ರುವದ ಮೇಲಿನಿಂದ ತಡೆರಹಿತವಾಗಿ ಕ್ರಮಿಸಿ ಇಲ್ಲಿಗೆ ಬಂದಿಳಿಯಿತು. ಮೈಸೂರಿನಿಂದ ರಾಜ್ಯ ರಸ್ತೆ ಸಾರಿಗೆ ನಿಗಮದ ಫ್ಲೈಬಸ್ ಸೇವೆ ಇದೆ.
* ಮಂಗಳೂರು: 1951ರ ಡಿಸೆಂಬರ್ 25ರಂದು ಉದ್ಘಾಟನೆಯಾದ ಬಜ್ಪೆ ನಿಲ್ದಾಣವನ್ನು ಸಂಪಾಜೆ ಘಾಟಿ ಹಾಗೂ ಸುಳ್ಯದ ಮೂಲಕ ತಲುಪಬಹುದು. ಕೊಲ್ಲಿ ರಾಷ್ಟ್ರಗಳಿಗೆ ಇಲ್ಲಿಂದ ನೇರ ವಿಮಾನಗಳಿವೆ.
* ಕಣ್ಣೂರು: ಮಟ್ಟನ್ನೂರಿನಲ್ಲಿ 2018ರ ಡಿಸೆಂಬರ್ 9ರಂದು ಆರಂಭವಾದ ಈ ನಿಲ್ದಾಣಕ್ಕೆ ವಿರಾಜಪೇಟೆ, ಮಾಕುಟ್ಟ ಹಾಗೂ ಇರಿಟ್ಟಿ ಮೂಲಕ ದಾರಿಯಿದೆ. ಇದೂ ಕೊಲ್ಲಿ ಪ್ರಯಾಣಿಕರಿಗೆ ಅನುಕೂಲ.

ದರಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ. ಅಮೆರಿಕ, ಬ್ರಿಟನ್ ಹಾಗೂ ಕೊಲ್ಲಿ ರಾಷ್ಟ್ರಗಳ ಶಾಲೆಗಳಿಗೆ ಬೇಸಿಗೆ ರಜೆ ಇರುವ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ದರ ಏರಿರುತ್ತದೆ. ಕೊಡಗಿನಲ್ಲಿ ಅದೇ ಮಳೆಗಾಲದ ಬಿರುಸಿನ ಸಮಯ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಆದ್ದರಿಂದ ಮಳೆಗಾಲದಲ್ಲಿ ಘಾಟಿ ದಾಟಿ ಹೋಗುವವರು ಒಂದು ದಿನ ಮೊದಲೇ ಹೊರಡುವುದು ಸೂಕ್ತ. ಡಿಸೆಂಬರ್ ಮಧ್ಯದಿಂದ ದರಗಳು ಮತ್ತೆ ಏರುತ್ತವೆ. ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ಭಾಗದಲ್ಲಿ ಬರುವ ಪುತ್ತರಿ ಹಬ್ಬಕ್ಕೆ ಊರಿಗೆ ಬಂದು ಆ ಏರಿಕೆಗೆ ಮುನ್ನ ಮರಳುವುದು ಅಗ್ಗವಾಗಬಹುದು. ಆದರೆ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಇದು ಸುಲಭವಲ್ಲ.

ಒಂದೇ ಟಿಕೆಟ್ ಮತ್ತು ಬಿಡಿ ಟಿಕೆಟ್‌ಗಳು

ಎರಡು ಹಾರಾಟಗಳನ್ನು ಬೇರೆ ಬೇರೆಯಾಗಿ ಕೊಂಡರೆ ಮೊತ್ತ ಕಡಿಮೆಯಾಗುವುದುಂಟು. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಸಾಮಾನ್ಯವಾಗಿ ಹೊಸ ಟಿಕೆಟ್‌ನ ಹೊರೆ ಪ್ರಯಾಣಿಕರದೇ. ಎರಡೂ ಒಂದೇ ಟಿಕೆಟ್‌ನಲ್ಲಿದ್ದರೆ ಗಮ್ಯಸ್ಥಾನ ತಲುಪಿಸುವ ಹೊಣೆ ವಿಮಾನಯಾನ ಸಂಸ್ಥೆಯದಾಗಿರುತ್ತದೆ. ಬಿಡಿ ಟಿಕೆಟ್‌ಗಳಲ್ಲಿ ಸಾಮಾನನ್ನು ನಡುವೆ ಪಡೆದು ಮತ್ತೆ ಒಪ್ಪಿಸಬೇಕಾಗಬಹುದು. ಅದಕ್ಕಾಗಿ ವಲಸೆ ತಪಾಸಣೆ ದಾಟಬೇಕಾದರೆ ಆ ದೇಶದ ವೀಸಾ ಕೂಡ ಬೇಕಾಗಬಹುದು. ಒಬ್ಬಂಟಿ ಪ್ರಯಾಣಿಕರು ಸಹಿಸಬಹುದಾದ ಈ ತೊಡಕು ನಿದ್ದೆಗೆಟ್ಟ ಮಕ್ಕಳೊಂದಿಗೆ ದುಬಾರಿಯಾಗುತ್ತದೆ.

ದಾಖಲೆಗಳು ಮತ್ತು ಆರೈಕೆ

ನವಜಾತ ಶಿಶುವಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಕಡ್ಡಾಯ. ಅಪ್ರಾಪ್ತರ ಅರ್ಜಿಗೆ ಸಾಮಾನ್ಯವಾಗಿ ತಂದೆತಾಯಿಗಳಿಬ್ಬರ ಒಪ್ಪಿಗೆಯ ಘೋಷಣೆ ಬೇಕು. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವೆ ನೀಡುವ ಯೋಜನೆಯು 2017ರ ಜನವರಿಯಲ್ಲಿ ಮೈಸೂರು ಹಾಗೂ ಗುಜರಾತಿನ ದಾಹೋದ್‌ನಲ್ಲಿ ಆರಂಭವಾಯಿತು.

ಕೈಚೀಲದ ದ್ರವಗಳಿಗೆ 100 ಮಿಲಿಲೀಟರ್ ಮಿತಿಯಿದ್ದರೂ ಪ್ರಯಾಣಕ್ಕೆ ಬೇಕಾಗುವಷ್ಟು ಶಿಶು ಆಹಾರ ಹಾಗೂ ಹಾಲಿಗೆ ವಿನಾಯಿತಿ ಇದೆ. ಊರಿನ ಜೇನು ದ್ರವವೆಂದೇ ಪರಿಗಣಿತವಾಗುವುದರಿಂದ ಅದನ್ನು ಒಪ್ಪಿಸುವ ಸಾಮಾನಿನಲ್ಲಿ ಇಡಬೇಕು; ತಲುಪುವ ದೇಶದ ಆಹಾರ ನಿಯಮಗಳನ್ನೂ ನೋಡಿಕೊಳ್ಳಬೇಕು. ವಿಮಾನ ಇಳಿಯುವಾಗ ಶಿಶುವಿಗೆ ಹಾಲೂಡಿಸಿದರೆ ನುಂಗುವ ಕ್ರಿಯೆಯಿಂದ ಕಿವಿಯ ಒತ್ತಡ ಕಡಿಮೆಯಾಗುತ್ತದೆ. ಘಾಟಿಯ ತಿರುವುಗಳಲ್ಲಿ ವಾಂತಿಯಾಗುವ ಮಕ್ಕಳಿಗೆ ಹಾರಾಟಕ್ಕೆ ಮುನ್ನ ಒಂದು ರಾತ್ರಿಯ ವಿಶ್ರಾಂತಿ ಒಳ್ಳೆಯದು. ಆ ರಾತ್ರಿಯ ವಸತಿ ಹಾಗೂ ರಸ್ತೆಯ ಖರ್ಚನ್ನೂ ಟಿಕೆಟ್ ದರಕ್ಕೆ ಸೇರಿಸಿ ಹೋಲಿಸಿದಾಗಲೇ ಯಾವ ಪ್ರಯಾಣ ನಿಜವಾಗಿ ಅಗ್ಗವೆಂಬುದು ತಿಳಿಯುತ್ತದೆ.

ಇವನ್ನೂ ನೋಡಿ

* ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ
* ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ
* ಕೊಡಗು ಜಿಲ್ಲೆ
* ಸುಂಟಿಕೊಪ್ಪ