ಕ್ರೂಸ್ ಹಡಗಿನ ಒಳಹೊರಗು

ಪಣಂಬೂರಿನ ನವಮಂಗಳೂರು ಬಂದರಿಗೆ 2022ರ ನವೆಂಬರ್ 28ರಂದು ‘ಯೂರೋಪಾ 2’ ಎಂಬ ಕ್ರೂಸ್ ಹಡಗು ಬಂತು. ಕೋವಿಡ್‌ನಿಂದಾಗಿ ನಿಂತುಹೋಗಿದ್ದ ವಿದೇಶಿ ಪ್ರವಾಸಿ ಹಡಗುಗಳ ಓಡಾಟ ಅಂದಿನಿಂದ ಇಲ್ಲಿ ಮತ್ತೆ ಶುರುವಾಯಿತು. ಆ ಹಡಗಿನಲ್ಲಿದ್ದ ಪ್ರವಾಸಿಗರು 271, ಸಿಬ್ಬಂದಿ 373. ಅತಿಥಿಗಳಿಗಿಂತ ಕೆಲಸದವರೇ ಹೆಚ್ಚು. ಕ್ರೂಸ್ ಹಡಗನ್ನು ಅರ್ಥ ಮಾಡಿಕೊಳ್ಳಲು ಈ ಲೆಕ್ಕದಿಂದಲೇ ಹೊರಡಬಹುದು. ಮಲಗುವುದು, ಉಣ್ಣುವುದು, ಈಜುವುದು, ನಾಟಕ ನೋಡುವುದು ಎಲ್ಲವೂ ಇಲ್ಲಿ ಹಡಗಿನಲ್ಲೇ ನಡೆಯಬೇಕು. ಬಂದರುಗಳು ದಾರಿಯ ನಿಲ್ದಾಣಗಳು ಮಾತ್ರ.

ಹಡಗು ಎಷ್ಟು ದೊಡ್ಡದು ಎಂದು ಹೇಳಲು ‘ಗ್ರಾಸ್ ಟನೇಜ್’ ಎಂಬ ಅಳತೆಯನ್ನು ಬಳಸುತ್ತಾರೆ. ಹೆಸರಿನಲ್ಲಿ ಟನ್ ಇದ್ದರೂ ಇದು ತೂಕವಲ್ಲ, ಹಡಗಿನೊಳಗೆ ಗೋಡೆ ಮತ್ತು ಛಾವಣಿಗಳಿಂದ ಮುಚ್ಚಿದ ಒಟ್ಟು ಜಾಗದ ಅಳತೆ. ಪತ್ರಿಕೆಗಳಲ್ಲಿ ಇದನ್ನು ಹಡಗಿನ ಭಾರವೆಂದೇ ಬರೆಯುವುದುಂಟು, ಅದು ತಪ್ಪು. ಜರ್ಮನಿಯ ಹಪಾಗ್-ಲಾಯ್ಡ್ ಕಂಪನಿಗಾಗಿ ಫ್ರಾನ್ಸಿನಲ್ಲಿ ಕಟ್ಟಿದ, 2013ರಿಂದ ಓಡುತ್ತಿರುವ ಯೂರೋಪಾ 2ರ ಗ್ರಾಸ್ ಟನೇಜ್ 42,830, ಉದ್ದ ಸುಮಾರು 225 ಮೀಟರ್. ಕೋವಿಡ್‌ಗೆ ಮುಂಚಿನ ಋತುಗಳಲ್ಲಿ ಪಣಂಬೂರಿಗೆ ಬಂದಿದ್ದ ‘ಸೆಲೆಬ್ರಿಟಿ ಕಾನ್ಸ್‌ಟೆಲೇಷನ್’ ಇದಕ್ಕಿಂತ ಬಹಳ ದೊಡ್ಡದು: ಸುಮಾರು 91,000 ಗ್ರಾಸ್ ಟನ್, 294 ಮೀಟರ್ ಉದ್ದ, ಎರಡು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು, ಸಾವಿರದ ಹತ್ತಿರ ಸಿಬ್ಬಂದಿ. 1912ರಲ್ಲಿ ಮುಳುಗಿದ ಟೈಟಾನಿಕ್ ತನ್ನ ಕಾಲದ ಅತಿ ದೊಡ್ಡ ಹಡಗಾಗಿತ್ತು. ಅದರ ಟನೇಜ್ ಸುಮಾರು 46,000, ಉದ್ದ 269 ಮೀಟರ್. ಹಾಗೆಂದರೆ ಪಣಂಬೂರಿಗೆ ಬಂದ ಕಾನ್ಸ್‌ಟೆಲೇಷನ್ ಟನೇಜಿನಲ್ಲಿ ಸುಮಾರು ಟೈಟಾನಿಕ್‌ನ ಎರಡರಷ್ಟು. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ ಇನ್ನೂ ಮುಂದೆ ಹೋಗಿದೆ: 2,48,663 ಗ್ರಾಸ್ ಟನ್, ಸುಮಾರು 365 ಮೀಟರ್ ಉದ್ದ, 20 ಅಂತಸ್ತುಗಳು. ಅದರ ಕ್ಯಾಬಿನ್‌ಗಳೆಲ್ಲ ಪೂರ್ತಿ ತುಂಬಿದರೆ ಪ್ರಯಾಣಿಕರೇ 7,600 ಮಂದಿ.

ಇಷ್ಟು ದೊಡ್ಡ ಹಡಗಿಗೆ ನೀರಿನ ಆಳ ಮಾತ್ರ ಅಷ್ಟೇನೂ ಬೇಡ. ಯೂರೋಪಾ 2 ನೀರಿನೊಳಗೆ ಇಳಿದಿರುವುದು ಆರೂವರೆ ಮೀಟರಿನಷ್ಟು, ಕಾನ್ಸ್‌ಟೆಲೇಷನ್ ಸುಮಾರು ಎಂಟು ಮೀಟರ್. ಅದಿರು, ಕಲ್ಲಿದ್ದಲು ಹೊತ್ತ ಹಡಗುಗಳು ಇದಕ್ಕಿಂತ ಎಷ್ಟೋ ಆಳಕ್ಕೆ ಕುಳಿತಿರುತ್ತವೆ. ಕ್ರೂಸ್ ಹಡಗಿನ ದೊಡ್ಡತನವೆಲ್ಲ ನೀರಿನ ಮೇಲಿದೆ. ಆದ್ದರಿಂದ ಬಂದರಿನೊಳಕ್ಕೆ ತರುವಾಗ ದಾರಿ ತೋರುವ ಪೈಲಟ್‌ಗೆ ಆಳಕ್ಕಿಂತ ಗಾಳಿಯದೇ ಚಿಂತೆ. ಎತ್ತರದ ಬದಿಗೋಡೆಗೆ ಗಾಳಿ ಬಡಿದರೆ ಹಡಗು ಪಕ್ಕಕ್ಕೆ ಸರಿಯುತ್ತದೆ. ಆಳ ಕಡಿಮೆ ಸಾಕೆಂದರೂ ಮಂಗಳೂರಿನ ಹಳೆ ಬಂದರಿಗೆ ಇಂಥ ಹಡಗು ಬರುವಂತಿರಲಿಲ್ಲ. ನೇತ್ರಾವತಿ ಮತ್ತು ಫಲ್ಗುಣಿ ಸೇರುವ ಅಳಿವೆಯ ಮರಳದಿಣ್ಣೆ ದೊಡ್ಡ ಹಡಗುಗಳನ್ನು ಹೊರಗಡಲಲ್ಲೇ ತಡೆಯುತ್ತಿತ್ತು. ಪಣಂಬೂರಿನಲ್ಲಿ ನೆಲವನ್ನೇ ತೋಡಿ ಹೊಸ ಬಂದರು ಮಾಡಿ, ಕಡಲಿನಲ್ಲಿ ಕಾಲುವೆಯ ಹೂಳೆತ್ತಿದ ಮೇಲೆ ಈ ತೊಂದರೆ ತಪ್ಪಿತು. 1974ರ ಮೇ 4ರಂದು ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಹಡಗಿನ ಒಳವಿನ್ಯಾಸ ಮೊದಲ ಸಲ ಹತ್ತಿದವರಿಗೆ ಗೋಜಲೆನಿಸುತ್ತದೆ. ಮುಂಭಾಗ ಫಾರ್ವರ್ಡ್, ಹಿಂಭಾಗ ಆಫ್ಟ್. ಮುಂದಕ್ಕೆ ಮುಖ ಮಾಡಿ ನಿಂತವನ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಪ್ರತಿ ಅಂತಸ್ತೂ ಒಂದು ಡೆಕ್. ಅನೇಕ ಹಡಗುಗಳಲ್ಲಿ ಸಮಸಂಖ್ಯೆಯ ಕ್ಯಾಬಿನ್‌ಗಳು ಒಂದು ಬದಿ, ಬೆಸಸಂಖ್ಯೆಯವು ಇನ್ನೊಂದು ಬದಿ. ಹದಿಮೂರು ಅಶುಭವೆಂಬ ನಂಬಿಕೆಯಿಂದ ಕೆಲವು ಹಡಗುಗಳಲ್ಲಿ 12ನೇ ಡೆಕ್ಕಿನ ಮೇಲೆ ನೇರವಾಗಿ 14ನೆಯದು ಬರುತ್ತದೆ. ಕ್ಯಾಪ್ಟನ್ ಮತ್ತು ಅಧಿಕಾರಿಗಳು ಹಡಗು ನಡೆಸುವ ಬ್ರಿಜ್ ಮುಂಭಾಗದಲ್ಲಿ ಎತ್ತರದಲ್ಲಿರುತ್ತದೆ. ಅದರ ಎರಡೂ ತುದಿಗಳು ಹಡಗಿನ ಮೈಯಿಂದ ಹೊರಚಾಚಿಕೊಂಡಿರುವುದರಿಂದ ಧಕ್ಕೆಗೂ ಹಡಗಿಗೂ ನಡುವೆ ಎಷ್ಟು ಅಂತರವಿದೆ ಎಂದು ಅಲ್ಲಿ ನಿಂತು ಕೆಳಗೆ ನೋಡಿದರೆ ತಿಳಿಯುತ್ತದೆ.

ಪ್ರವಾಸಿಗರು ಕಾಣದ ಭಾಗವೇ ಹಡಗಿನ ಬುಡ. ಎಲ್ಲಕ್ಕಿಂತ ಕೆಳಗೆ ಎರಡು ಪದರದ ತಳ, ಅದರಲ್ಲಿ ಇಂಧನ ಮತ್ತು ನೀರಿನ ಟ್ಯಾಂಕುಗಳು. ಅದರ ಮೇಲೆ ಎಂಜಿನ್ ಕೋಣೆ, ಶೀತಲ ಉಗ್ರಾಣಗಳು, ಬಟ್ಟೆ ಒಗೆಯುವ ಯಂತ್ರಗಳು, ಕಸ ವಿಂಗಡಿಸುವ ಕೋಣೆ, ಸಿಬ್ಬಂದಿಯ ಮೆಸ್ ಮತ್ತು ಮಲಗುವ ಕೋಣೆಗಳು. ಮೊದಲ ಕೆಲವು ಡೆಕ್‌ಗಳಲ್ಲೊಂದರಲ್ಲಿ ಮುಂಭಾಗದಿಂದ ಹಿಂಭಾಗದವರೆಗೆ ಅಗಲವಾದ ಒಂದು ದಾರಿ ಹಾದುಹೋಗುತ್ತದೆ. ತರಕಾರಿ ಪೆಟ್ಟಿಗೆ, ಮೊಟ್ಟೆ ಟ್ರೇ, ಒಗೆದ ಹಾಸಿಗೆ ಬಟ್ಟೆ ಹೊತ್ತ ಗಾಡಿಗಳೆಲ್ಲ ಓಡಾಡುವುದು ಇಲ್ಲಿ. ಅಮೆರಿಕದ ಹೆದ್ದಾರಿಯ ಹೆಸರಿನಲ್ಲಿ ನಾವಿಕರು ಇದನ್ನು ‘ಐ-95’ ಎನ್ನುತ್ತಾರೆ. ಮೇಲಿನ ಭೋಜನಶಾಲೆಯಲ್ಲಿ ತಟ್ಟೆ ಸದ್ದಿಲ್ಲದೆ ಮೇಜಿಗೆ ಬರುವುದು ಕೆಳಗಿನ ಈ ಗಡಿಬಿಡಿಯ ಬಲದಿಂದ.

ಇದರ ಮೇಲಿನ ಡೆಕ್‌ಗಳಲ್ಲಿ ಸ್ವಾಗತ ಕೌಂಟರ್, ಮುಖ್ಯ ಭೋಜನಶಾಲೆ, ಅಂಗಡಿಗಳು, ರಂಗಮಂದಿರ. ರಂಗಮಂದಿರವನ್ನು ಹೆಚ್ಚಾಗಿ ಮುಂಭಾಗದಲ್ಲಿಯೂ ಭೋಜನಶಾಲೆಯನ್ನು ಹಿಂಭಾಗದಲ್ಲಿಯೂ ಇಡುತ್ತಾರೆ. ಊಟಕ್ಕೂ ಆಟಕ್ಕೂ ಹೋಗುವ ಜನ ಒಂದೇ ಕಡೆ ನೂಕಾಡದಿರಲಿ ಎಂದು. ಅದರ ಮೇಲೆ ಕ್ಯಾಬಿನ್‌ಗಳು. ಒಳಗಿನ ಸಾಲಿನವಕ್ಕೆ ಕಿಟಕಿಯಿಲ್ಲ, ಬಾಡಿಗೆಯೂ ಕಡಿಮೆ. ಆಮೇಲೆ ಕಿಟಕಿಯವು, ಬಾಲ್ಕನಿಯವು, ಕೊನೆಗೆ ಸೂಟ್‌ಗಳು. ಯೂರೋಪಾ 2ರಲ್ಲಿರುವ ಸೂಟ್‌ಗಳಿಗೆಲ್ಲ ಬಾಲ್ಕನಿ ಇದೆ. ಸಾಮಾನ್ಯ ಹಡಗಿನ ಕ್ಯಾಬಿನ್ ಆ ಸೂಟ್‌ಗಳಷ್ಟು ವಿಶಾಲವಲ್ಲ: ಜೋಡಿಸಿದರೆ ಒಂದಾಗುವ ಎರಡು ಮಂಚ, ಮಂಚದಡಿ ಸೂಟ್‌ಕೇಸಿಗೆ ಜಾಗ, ಕಪಾಟಿನಲ್ಲಿ ಲೈಫ್ ಜಾಕೆಟ್, ನೀರು ಹೊರಚೆಲ್ಲದಂತೆ ಎತ್ತರದ ಹೊಸ್ತಿಲಿರುವ ಸ್ನಾನಗೃಹ, ಬಾಗಿಲ ಹಿಂದೆ ತುರ್ತು ದಾರಿಯ ನಕ್ಷೆ. ಇಂಥ ಕ್ಯಾಬಿನ್‌ಗಳನ್ನು ದಡದ ಕಾರ್ಖಾನೆಯಲ್ಲೇ ದೀಪ, ನಲ್ಲಿ ಸಮೇತ ಪೂರ್ತಿ ತಯಾರಿಸಿ, ಹಡಗಿನ ಚೌಕಟ್ಟಿನೊಳಕ್ಕೆ ತಳ್ಳಿ ಜೋಡಿಸುವುದು ಈಗಿನ ಪದ್ಧತಿ.

ತುತ್ತತುದಿಯಲ್ಲಿ ಈಜುಕೊಳ, ಬಫೆ, ಜಿಮ್, ಸ್ಪಾ. ನೀರಿನ ಭಾರ ಎತ್ತರದಲ್ಲಿದ್ದರೆ ಹಡಗಿನ ಸಮತೋಲಕ್ಕೆ ಒಳ್ಳೆಯದಲ್ಲ. ಕಡಲು ಕೆರಳಿದಾಗ ಕೊಳದ ನೀರನ್ನು ಖಾಲಿ ಮಾಡುವುದೂ ಉಂಟು. ಐಕಾನ್‌ನಲ್ಲಿ ಏಳು ಕೊಳಗಳೂ ಆರು ನೀರಿನ ಜಾರುಬಂಡಿಗಳೂ ಇವೆ. ಡ್ಯೂಟಿ ಫ್ರೀ ಅಂಗಡಿ, ಕ್ಯಾಸಿನೊಗಳನ್ನು ಹಡಗು ಬಂದರಿನಲ್ಲಿರುವಾಗ ಸಾಮಾನ್ಯವಾಗಿ ಮುಚ್ಚಿರುತ್ತಾರೆ. ವೈದ್ಯರಿರುವ ಚಿಕ್ಕ ಆಸ್ಪತ್ರೆಯೂ ಇರುತ್ತದೆ.

ಎಂಜಿನ್‌ಗಳು ಇಂದು ನೇರವಾಗಿ ಪ್ರೊಪೆಲ್ಲರ್ ತಿರುಗಿಸುವುದು ಕಡಿಮೆ. ಅವು ವಿದ್ಯುತ್ ಉತ್ಪಾದಿಸುತ್ತವೆ. ಆ ವಿದ್ಯುತ್ತಿನಿಂದಲೇ ಮೋಟಾರು, ಎಸಿ, ಅಡುಗೆಮನೆ, ದೀಪ ಎಲ್ಲವೂ ನಡೆಯುತ್ತವೆ. ಅನೇಕ ಹಡಗುಗಳಲ್ಲಿ ಮೋಟಾರು ಮತ್ತು ಪ್ರೊಪೆಲ್ಲರ್ ಎರಡೂ ಹಿಂಭಾಗದ ಕೆಳಗೆ ತೂಗುವ ‘ಪಾಡ್’ ಒಳಗಿವೆ; ಪಾಡ್ ಸುತ್ತ ತಿರುಗುವುದರಿಂದ ಬೇರೆ ಚುಕ್ಕಾಣಿ ಬೇಕಿಲ್ಲ. ಮುಂಭಾಗದಲ್ಲಿ ಅಡ್ಡಲಾಗಿರುವ ಬೋ ಥ್ರಸ್ಟರ್‌ಗಳು ಹಡಗನ್ನು ಪಕ್ಕಕ್ಕೆ ಸರಿಸುತ್ತವೆ. ಅಲೆಯ ಓಲಾಟ ತಗ್ಗಿಸಲು ಎರಡೂ ಬದಿಯಲ್ಲಿ ಮೀನಿನ ಈಜುರೆಕ್ಕೆಯಂತೆ ಚಾಚುವ ಸ್ಟೆಬಿಲೈಜರ್‌ಗಳಿವೆ. ಕುಡಿಯುವ ನೀರಿನ ದೊಡ್ಡ ಪಾಲನ್ನು ಸಮುದ್ರದ ನೀರಿನ ಉಪ್ಪು ತೆಗೆದೇ ಪಡೆಯುತ್ತಾರೆ. ಕೊಳಚೆ ನೀರನ್ನು ಸಂಸ್ಕರಿಸಬೇಕು. ಪ್ಲಾಸ್ಟಿಕ್ ಅನ್ನು ಕಡಲಿಗೆ ಎಸೆಯಲು ಅಂತರರಾಷ್ಟ್ರೀಯ ‘ಮಾರ್ಪೋಲ್’ ಒಪ್ಪಂದ ಎಲ್ಲೂ ಅವಕಾಶ ಕೊಡುವುದಿಲ್ಲ. ಮೀನನ್ನೇ ನಂಬಿದ ಕರಾವಳಿಗೆ ಈ ನಿಯಮದ ಪಾಲನೆ ಹಡಗಿನ ಎಲ್ಲ ವೈಭವಕ್ಕಿಂತ ಮುಖ್ಯ.

ಸುರಕ್ಷತೆಯ ನಿಯಮಗಳು ದುರಂತಗಳಿಂದ ಕಲಿತವು. ಟೈಟಾನಿಕ್‌ನಲ್ಲಿ ಎಲ್ಲರಿಗೂ ಸಾಲುವಷ್ಟು ದೋಣಿಗಳಿರಲಿಲ್ಲ. ಅದು ಮುಳುಗಿದ ಎರಡು ವರ್ಷಕ್ಕೆ, 1914ರಲ್ಲಿ, ‘ಸೋಲಾಸ್’ ಒಪ್ಪಂದ ಬಂತು. ಇಂದು ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿ ಇಲ್ಲವೇ ರಾಫ್ಟ್‌ನಲ್ಲಿ ಜಾಗ ಇರಲೇಬೇಕು. ಹಡಗನ್ನು ಅಡ್ಡಡ್ಡಲಾಗಿ ಬೆಂಕಿ ತಡೆಯುವ ಗೋಡೆಗಳಿಂದ ಭಾಗ ಮಾಡಿರುತ್ತಾರೆ. ಕೆಳಗಿನ ನೀರುತಡೆ ಬಾಗಿಲುಗಳನ್ನು ಬ್ರಿಜ್‌ನಿಂದಲೇ ಮುಚ್ಚಬಹುದು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾನ್ಕಾರ್ಡಿಯಾ’ ಬಂಡೆಗೆ ತಗಲಿ ಮಗುಚಿ 32 ಮಂದಿ ಸತ್ತ ಮೇಲೆ ಇನ್ನೊಂದು ನಿಯಮ ಬಿಗಿಯಾಯಿತು: ಹೊಸ ಪ್ರಯಾಣಿಕರಿಗೆ ತುರ್ತು ಕವಾಯತನ್ನು ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ ಮಾಡಿಸಬೇಕು. ಏಳು ಚಿಕ್ಕ ಸಿಳ್ಳು, ಕೊನೆಗೊಂದು ಉದ್ದ ಸಿಳ್ಳು ಕೇಳಿದರೆ ಎಲ್ಲ ಬಿಟ್ಟು ನಿಗದಿತ ಜಾಗಕ್ಕೆ ಹೋಗಬೇಕೆಂದು ಅರ್ಥ.

ಮಂಗಳೂರಿಗೆ ಸಿಗುವುದು ಇಂಥ ಹಡಗಿನ ಒಂದು ಹಗಲು. ಬೆಳಿಗ್ಗೆ ಧಕ್ಕೆಗೆ ಬಂದ ಹಡಗು ಸಂಜೆಗೆ ಕೊಚ್ಚಿಗೋ ಗೋವಾಕ್ಕೋ ಹೊರಡುತ್ತದೆ. ಚೆಂಡೆ, ಯಕ್ಷಗಾನ ವೇಷಗಳ ಸ್ವಾಗತ ಮುಗಿಸಿಕೊಂಡು ಕೆಲವು ಬಸ್ಸುಗಳು ಕಾರ್ಕಳ, ಮೂಡುಬಿದಿರೆಗೆ ಹೋಗುತ್ತವೆ. ಉಳಿದವು ನಗರದ ಕಡೆ ತಿರುಗುತ್ತವೆ: ಕೂಳೂರು ಸೇತುವೆ ದಾಟಿ, ಕೊಟ್ಟಾರ ಚೌಕಿಯಿಂದ ಲೇಡಿಹಿಲ್, ಅಲ್ಲಿಂದ ಮಣ್ಣಗುಡ್ಡ, ಪಕ್ಕದಲ್ಲೇ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ. ಆಮೇಲೆ ಅಲೋಶಿಯಸ್ ಚಾಪೆಲ್‌ನ ಕಲಾವಿದ ಮೊಸ್ಕೇನಿ ಬರೆದ ಚಿತ್ರಗಳು, ಗೇರುಬೀಜದ ಕಾರ್ಖಾನೆ, ಮಾರುಕಟ್ಟೆ. ಮಳೆಗಾಲದಲ್ಲಿ ಹಡಗುಗಳ ಈ ಓಡಾಟ ಬಂದ್. 2029ರೊಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿಯ ‘ಕ್ರೂಸ್ ಭಾರತ್ ಮಿಷನ್’ ಅನ್ನು ಕೇಂದ್ರ ಸರಕಾರ 2024ರ ಸೆಪ್ಟೆಂಬರ್ 30ರಂದು ಆರಂಭಿಸಿದೆ. ಹಡಗು ಬಂದು ಹೋಗುವುದಕ್ಕಿಂತ, ಇಲ್ಲಿನವರೇ ಪಣಂಬೂರಿನಲ್ಲಿ ಹತ್ತಿ ಇಳಿಯುವಂತಾದರೆ ಊರಿಗೆ ಹೆಚ್ಚು ಲಾಭ.

ಆದರೆ ಕರಾವಳಿಗೂ ಈ ಹಡಗುಗಳಿಗೂ ಬಹಳ ಹತ್ತಿರದ ನಂಟು ಇರುವುದು ಕೆಳಗಿನ ಡೆಕ್‌ಗಳಲ್ಲಿ. ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಮಂಗಳೂರು, ಉಡುಪಿಯ ಮನೆಗಳಲ್ಲಿ ಹೊಸದಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು ಅಡುಗೆಮನೆ, ಬಾರ್, ಹೌಸ್‌ಕೀಪಿಂಗ್ ಸೇರುತ್ತಾರೆ. ತಿಂಗಳುಗಟ್ಟಲೆ ವಾರದ ರಜೆಯಿಲ್ಲದ ದುಡಿಮೆ, ಆಮೇಲೆ ಊರಿನಲ್ಲಿ ಬಿಡುವು. ಇಂಥ ಕೆಲಸಕ್ಕೆ ಹೊರಡುವ ಯುವಕ ಯುವತಿಯರು ಒಂದು ವಿಷಯ ಮರೆಯಬಾರದು. ಭಾರತದಲ್ಲಿ ಹಡಗಿಗೆ ಜನರನ್ನು ನೇಮಿಸುವ ಏಜೆನ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು, ನೌಕರಿ ಕೊಡಿಸುವುದಕ್ಕೆ ಅದು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ಹಣ ಕೇಳಿದವರ ಬಳಿ ಪಾಸ್‌ಪೋರ್ಟ್ ಕೊಡಬೇಡಿ. ಮೊದಲು ಪರವಾನಗಿ ಸಂಖ್ಯೆಯನ್ನು ನಿರ್ದೇಶನಾಲಯದ ಪಟ್ಟಿಯಲ್ಲಿ ನೋಡಿ.