ಸಂತೆಯಂಗಳದ ಚೂರಿ

ಪೋಲೆಂಡಿನ ಪ್ರಾಚೀನ ರಾಜಧಾನಿಯಾದ ಕ್ರಾಕೋವಿನ ಹಳೆಯ ಊರಿನಲ್ಲಿ ಯಾತ್ರಿಕನು ಯಾವ ಬೀದಿಯನ್ನು ಹಿಡಿದು ಅಲೆದರೂ ಕಟ್ಟಕಡೆಗೆ ಬಂದು ನಿಲ್ಲುವುದು, ಅಲ್ಲಿಯ ಜನ 'ರಿನೆಕ್' ಎಂದು ಕರೆಯುವ, ಒಂದೊಂದು ಪಾರ್ಶ್ವವೂ ಸುಮಾರು 200 ಮೀಟರ್ ಉದ್ದವಿರುವ ಸಂತೆಯ ಚೌಕದಲ್ಲಿ. ಮನೆಗಳೆದ್ದು ಮಿಕ್ಕ ಬಯಲಲ್ಲ ಇದು. 1241ರಲ್ಲಿ ಮಂಗೋಲರ ದಾಳಿಗೆ ಸಿಕ್ಕಿ ಹಾಳಾದ ಪಟ್ಟಣವನ್ನು ಮರಳಿ ನಿಲ್ಲಿಸಲೆಂದು ದೊರೆ ಬೊಲೆಸ್ಲಾವ್ 1257ರಲ್ಲಿ, ಜರ್ಮನಿಯ ಮಾಗ್ಡೆಬುರ್ಗ್ ನಗರದ ಕಟ್ಟಳೆಯನ್ನನುಸರಿಸಿ ಸನ್ನದನ್ನಿತ್ತಾಗ, ಸಂತೆಯನ್ನೇ ನಡುವಾಗಿಟ್ಟು ಸುತ್ತಣ ಬೀದಿಗಳನ್ನೂ ನಿವೇಶನಗಳನ್ನೂ ನೂಲು ಹಿಡಿದಂತೆ ಅಳೆದರು. ಆ ಅಳತೆಗಿಂತ ಹಳೆಯದಾದ ನೆಲೆಯಲ್ಲಿ ಎದ್ದ ಸಂತ ಮೇರಿಯ ಇಗರ್ಜಿಯಾದರೋ ಇಂದಿಗೂ ಚೌಕಕ್ಕೆ ಓರೆಯಾಗಿಯೇ ನಿಂತಿದೆ.

ಅಂಗಳದ ನಡುವೆ ಉದ್ದಕ್ಕೆ ಚಾಚಿರುವುದು 'ಸುಕ್ಯೆನ್ನಿತ್ಸೆ', ಎಂದರೆ ಜವಳಿಸಾಲು. 1555ರ ಬೆಂಕಿಗೆ ಆಹುತಿಯಾಗಿ, ಬಳಿಕ ಪುನರುಜ್ಜೀವನ ಕಾಲದ ಶೈಲಿಯಲ್ಲಿ, ಅಣಕಿಸುವ ಮೋರೆಗಳನ್ನು ಕೆತ್ತಿದ ಕೈಪಿಡಿಗೋಡೆಯೊಡನೆ ಮತ್ತೆ ಮೇಲೆದ್ದ ಈ ಭವನದಲ್ಲಿ ಈಗ ಬಟ್ಟೆಯ ಥಾನುಗಳಿಲ್ಲ. ಜೇನಿನ ಬಣ್ಣದ ಅಂಬರ್ ಮಣಿಗಳೂ ಕಸೂತಿಯೂ ಮರದ ಗೊಂಬೆಗಳೂ ಇವೆ. ನಡುವಣ ಹಾದಿಯ ಕಮಾನಿನಲ್ಲಿ ಮಾತ್ರ, ಕೊಳ್ಳುವ ಸಡಗರದವರ ಕಣ್ಣಿಗೆ ಬೀಳದಂತೆ, ಕಬ್ಬಿಣದ ಚೂರಿಯೊಂದು ತೂಗುತ್ತದೆ. ಇಗರ್ಜಿಯ ಎರಡು ಗೋಪುರಗಳನ್ನು ಕಟ್ಟುತ್ತಿದ್ದ ಅಣ್ಣತಮ್ಮಂದಿರಲ್ಲಿ, ತಮ್ಮನದು ತನ್ನದನ್ನು ಮೀರೀತೆಂಬ ಮತ್ಸರದಿಂದ ಅಣ್ಣನು ಅವನನ್ನು ಇರಿದ ಚೂರಿ ಅದೆಂದೂ, ಗೋಪುರಗಳು ಸಮನಾಗದೆ ಉಳಿದದ್ದು ಅದರಿಂದಲೇ ಎಂದೂ ಜನ ಹೇಳುವರು. ಸಂತೆಯ ಕಳ್ಳನಿಗೆ ಕಾದಿದ್ದ ದಂಡನೆಯನ್ನು ನೆನಪಿಸಲು ತೂಗಹಾಕಿದ ಕುರುಹೆಂಬುದು ಚರಿತ್ರೆಯನ್ನು ಬಲ್ಲವರ ಮತ. ಕಟ್ಟಳೆಯ ಭಯವು ಕಾಲಾಂತರದಲ್ಲಿ ಕಥೆಯಾಗಿ ಮಾಗಿತು.

ಇಗರ್ಜಿಯ ಗೋಪುರದಿಂದ ಮೊಳಗುವ ಕಹಳೆಯದೂ ಅದೇ ಗತಿ. ಕೋಟೆಯ ಬಾಗಿಲನ್ನು ತೆರೆಯುವುದಕ್ಕೂ ಮುಚ್ಚುವುದಕ್ಕೂ, ಬೆಂಕಿ ಬಿದ್ದುದನ್ನು ಸಾರುವುದಕ್ಕೂ ಕಾವಲುಗಾರನು ಊದುತ್ತಿದ್ದ ಅದನ್ನು, 81 ಮೀಟರ್ ಎತ್ತರದ ಗೋಪುರದ ಮೇಲಿಂದ ಅಗ್ನಿಶಾಮಕ ದಳದವರು ಇಂದಿಗೂ ಹಗಲಿರುಳೆನ್ನದೆ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ಊದುವರು. ನಡುಹಗಲಿನ ನಾದವನ್ನು ಪೋಲೆಂಡಿನ ಆಕಾಶವಾಣಿಯು 1927ರಿಂದ ನಾಡಿಗೆಲ್ಲ ಕೇಳಿಸುತ್ತ ಬಂದಿದೆ. ರಾಗವು ಪ್ರತಿಸಲವೂ ನಡುವೆಯೇ ಥಟ್ಟನೆ ಕಡಿಯುತ್ತದೆ; ಶತ್ರುವಿನ ಬಾಣವು ಕಹಳೆಗಾರನ ಗಂಟಲಿಗೆ ನಾಟಿದ ಗಳಿಗೆ ಅದೆಂಬುದು ಐತಿಹ್ಯ.

ಮುರಿದ ಸ್ವರದ ಮುಂದಿನದಕ್ಕಾಗಿ ಕತ್ತೆತ್ತಿ ಕಾಯುವವರು ಹೊಸಬರು ಮಾತ್ರ. ಕವಿ ಮಿಕ್ಯೆವಿಚ್‌ನ ಪ್ರತಿಮೆಯ ಬಳಿಯ ಹೂವಾಡಗಿತ್ತಿಯು ಅಷ್ಟರಲ್ಲೇ ಗೊಂಚಲನ್ನು ಬಿಗಿದು ಕಟ್ಟಿ, ಚಿಲ್ಲರೆಗೆ ಕೈಯೊಡ್ಡಿರುತ್ತಾಳೆ.